ಕಾಫಿ ಕಪ್ ತಿರುಗಿಸುತ್ತಿದ್ದ ಅಂಬುಜಾಕ್ಷಿ ಮೇಡಂ

ಅಂಬುಜಾಕ್ಷಿ ಮೇಡಂ ಕಾಫಿ ಕುಡಿಯುವ ಮೊದಲು ಕಪ್ಪನ್ನು ಅರ್ಧ ಸುತ್ತು ತಿರುಗಿಸುತ್ತಿದ್ದರು. ಕಾಫಿ ಯಾರೇ ತಂದುಕೊಡಲಿ, ಅವರು ಎಲ್ಲೇ ಕುಳಿತಿರಲಿ, ಮಾತು ನಿಲ್ಲಿಸದೆಯೇ ಸಾಸರಿನ ಮೇಲಿನ ಕಪ್ಪನ್ನು ಬೆರಳ ತುದಿಯಿಂದ ಮೆಲ್ಲಗೆ ತಿರುಗಿಸಿ, ಆಮೇಲೆ ಎತ್ತಿ ತುಟಿಗಿಡುತ್ತಿದ್ದರು. ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇದರ ಬಗ್ಗೆ ನಾನಾ ಕಥೆಗಳು ಹರಡಿದ್ದವು. ತಳದಲ್ಲಿ ಕೂತ ಸಕ್ಕರೆ ಕರಗಲಿ ಎಂದು ಹಾಗೆ ಮಾಡುತ್ತಾರೆ ಎಂದು ಒಬ್ಬರು. ಯಾವುದೋ ದೇವರಿಗೆ ಹೊತ್ತ ಹರಕೆ ಎಂದು ಇನ್ನೊಬ್ಬರು. ನಾನು ಮಾತ್ರ ಅದು ಮಡಿ ಎಂದು ತೀರ್ಮಾನಿಸಿಬಿಟ್ಟಿದ್ದೆ. ಮೇಡಂ ಚಾಮರಾಜಪುರಂನ ಹಳೆಯ ಮನೆತನದವರು, ಅವರ ತಾತ ಅರಮನೆಯಲ್ಲಿ ಬರವಣಿಗೆಯ ಕೆಲಸದಲ್ಲಿದ್ದವರು. ನಾನು ಊರಂಚಿನ ಹಿನಕಲ್ಲಿನ ಹುಡುಗಿ. ನಮ್ಮ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಕಾರಿನ ಶೋರೂಮು ನಿಂತಿದೆ. ಕಂಡವರ ತುಟಿ ತಾಗಿದ ಕಡೆ ತಮ್ಮ ತುಟಿ ತಾಗಬಾರದು ಅಂತ ಇವರಿಗೆ, ಎಂದು ಒಳಗೊಳಗೇ ಮೂಗು ಮುರಿಯುತ್ತಿದ್ದೆ.

ನೋಡಲು ಅವರು ರೊಬೊಟಿಕ್ಸ್ ಪಾಠ ಮಾಡುವವರ ಹಾಗೆ ಇರಲಿಲ್ಲ. ಗಂಜಿ ಹಾಕಿದ ಹತ್ತಿ ಸೀರೆ, ಅಗಲ ಕುಂಕುಮ, ಮುಡಿಯಲ್ಲಿ ಒಂದು ತುಂಡು ಕಾಕಡ. ಹೆಗಲ ಚೀಲಕ್ಕೆ ಕೈ ಹಾಕಿದರೆ ಮಾತ್ರ ಬಾಚಣಿಗೆಯ ಬದಲು ಮಲ್ಟಿಮೀಟರು ಹೊರಬರುತ್ತಿತ್ತು. ಬೋರ್ಡಿನ ಮೇಲೆ ಬಲಗೈಯಲ್ಲಿ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದರು. ಸ್ಕ್ರೂಡ್ರೈವರ್ ಹಿಡಿಯುವ ಹೊತ್ತಿಗೆ ಅದು ತಾನಾಗಿ ಎಡಗೈಗೆ ಹೋಗಿರುತ್ತಿತ್ತು. ಅದನ್ನು ನಾವೆಲ್ಲ ನೋಡಿದ್ದೆವು, ಯಾರೂ ಅದರ ಬಗ್ಗೆ ಯೋಚಿಸಿರಲಿಲ್ಲ. ಎದುರು ಸಿಕ್ಕಿದವರನ್ನು ಚೆನ್ನಾಗಿದ್ದೀಯಾ ಎಂದು ಕೇಳುವ ಅಭ್ಯಾಸ ಅವರಿಗಿರಲಿಲ್ಲ. ಕಾರಿಡಾರಿನಲ್ಲಿ ಸಿಕ್ಕರೂ ಸರಿ, ದೇವರಾಜ ಮಾರುಕಟ್ಟೆಯಲ್ಲಿ ಸೊಪ್ಪು ಕೊಳ್ಳುವಾಗ ಸಿಕ್ಕರೂ ಸರಿ, "ಏನಮ್ಮ, ಈ ವಾರ ಏನು ಕೆಡಿಸಿದೆ?" ಎಂದೇ ಕೇಳುತ್ತಿದ್ದರು. ಏನೂ ಕೆಡಿಸಿಲ್ಲ ಮೇಡಂ ಎಂದರೆ ಅವರ ಮುಖ ಸಪ್ಪಗಾಗುತ್ತಿತ್ತು. "ಹಾಗಾದ್ರೆ ಏನೂ ಮಾಡಿಲ್ಲ ಅನ್ನು."

ಅವರ ಕೈಗೆ ನಾನು ಮೊದಲು ಸಿಕ್ಕಿಬಿದ್ದದ್ದು ಮೊದಲ ವರ್ಷದಲ್ಲಿ. ನೆಲಕ್ಕೆ ಅಂಟಿಸಿದ ಕರಿ ಪಟ್ಟಿಯನ್ನು ಹಿಡಿದು ತಾನೇ ಓಡುವ ಒಂದು ಪುಟ್ಟ ಗಾಡಿ ಮಾಡಿದ್ದೆ. ಗೆಳತಿಯರೆಲ್ಲ ಹೊಗಳಿ ಅಟ್ಟಕ್ಕೇರಿಸಿದ್ದರು. ಆ ಹೆಮ್ಮೆಯಲ್ಲೇ ಮೇಡಂ ಮುಂದೆ ಓಡಿಸಿ ತೋರಿಸಿದೆ. ಅವರು ಕೈಕಟ್ಟಿಕೊಂಡು ನೋಡಿದರು.

"ಕೆಲಸ ಮಾಡುತ್ತೆ ಅಂತ ಕಾಣಿಸ್ತಿದೆ ಕಣಮ್ಮ. ಯಾವಾಗ ಮಾಡಲ್ಲ, ಅದನ್ನ ಹೇಳು."

"ಯಾವಾಗಲೂ ಮಾಡುತ್ತೆ ಮೇಡಂ," ಎಂದೆ. ನನಗೆ ಮೂಗಿನ ತುದಿಯಲ್ಲೇ ಕೋಪ. ದನಿಯಲ್ಲಿ ಅದು ಕೇಳಿಸಿರಬೇಕು.

ಅವರು ಹೋಗಿ ಕಿಟಕಿ ತೆರೆದರು. ನೆಲದ ಮೇಲೆ ಒಂದು ಚೌಕ ಬಿಸಿಲು ಬಿತ್ತು. ನನ್ನ ಗಾಡಿ ಆ ಬಿಸಿಲಿನವರೆಗೆ ಬಂದು, ಪಟ್ಟಿ ಬಿಟ್ಟು, ನೇರವಾಗಿ ಬೀರುವಿನ ಅಡಿಗೆ ನುಗ್ಗಿ ಅಲ್ಲೇ ಗುರುಗುಟ್ಟತೊಡಗಿತು. ಅದನ್ನು ಎಳೆದು ತೆಗೆಯಲು ನಾನು ನೆಲದ ಮೇಲೆ ಬೋರಲು ಮಲಗಬೇಕಾಯಿತು. ತಲೆಯ ಮೇಲಿನಿಂದ ಮೇಡಂ ದನಿ ಕೇಳಿಸಿತು: "ಈಗ ನಿನ್ನ ಗಾಡಿ ಬಗ್ಗೆ ನಿಂಗೆ ಒಂದು ವಿಷಯ ಗೊತ್ತಾಯ್ತು ನೋಡು. ಶನಿವಾರದಿಂದ ಲ್ಯಾಬಿಗೆ ಬಾ." ಧೂಳು ಮೆತ್ತಿದ ಮುಖ ಹೊತ್ತು ಹೊರಗೆ ಬಂದಾಗ ಇವರ ಸಹವಾಸವೇ ಬೇಡ ಎಂದುಕೊಂಡೆ. ಶನಿವಾರ ಎಲ್ಲರಿಗಿಂತ ಮೊದಲು ಹೋಗಿ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದೆ.

ಲ್ಯಾಬು ಎಂದರೆ ಗಾಜಿನ ಗೋಡೆ, ಹವಾನಿಯಂತ್ರಣ ಎಂದೆಲ್ಲ ಊಹಿಸಬೇಡಿ. ವರ್ಕ್‌ಶಾಪಿನ ಹಿಂದೆ ಮುರಿದ ಬೆಂಚು ತುಂಬಿಡುತ್ತಿದ್ದ ಶೀಟಿನ ಮಾಡಿನ ಕೋಣೆ ಅದು. ಮೇಡಂ ಕಾಡಿಬೇಡಿ ಅದನ್ನು ಪಡೆದು, ಸ್ವತಃ ನಿಂತು ಸುಣ್ಣ ಹೊಡೆಸಿ, ಯಾವುದೋ ಕಾರ್ಖಾನೆಯವರು ಬೇಡವೆಂದು ಬಿಟ್ಟ ಒಂದು ಯಂತ್ರದ ತೋಳನ್ನು ತಂದು ನಿಲ್ಲಿಸಿದ್ದರು. ನಮಗಿಂತ ಮೊದಲಿನ ವಿದ್ಯಾರ್ಥಿಗಳು ಅದಕ್ಕೆ ಜೀವ ತುಂಬಿದ್ದರು. ಅದಕ್ಕೆ ಪುಟ್ಟಸ್ವಾಮಿ ಎಂಬ ಹೆಸರು ಹೇಗೆ ಬಂತೋ ಯಾರಿಗೂ ನೆನಪಿಲ್ಲ. ಮೇಡಂ ಕೂಡ ಹಾಗೇ ಕರೆಯುತ್ತಿದ್ದರು: "ಪುಟ್ಟಸ್ವಾಮಿಗೆ ಇವತ್ತು ಮೊಣಕೈ ಯಾಕೋ ಬಿಗೀತಿದೆ ಕಣ್ರೋ, ನೋಡಿ."

ನಾವು ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಲ್ಯಾಬಿಗೆ ಕಂಟಕ ಬಂತು. ಆ ಜಾಗದಲ್ಲಿ ಕೆಲಸದ ಸಂದರ್ಶನಗಳಿಗೆ ತರಬೇತಿ ಕೊಡುವ ಕೊಠಡಿ ಕಟ್ಟಬೇಕೆಂದು ಆಡಳಿತ ಮಂಡಳಿ ಯೋಚಿಸಿತು. ಪ್ರಾಂಶುಪಾಲರು ಕೆಟ್ಟವರಲ್ಲ, ಮೇಡಮ್ಮನ್ನು ಕರೆದು ಒಂದು ದಾರಿ ಹೇಳಿದರು. "ನಿಮ್ಮ ಹುಡುಗರ ತಂಡದಿಂದ ಒಂದು ಉಪನ್ಯಾಸ ಮಾಡಿಸಿ ಮೇಡಂ. ರೊಬೊಟಿಕ್ಸ್‌ನಲ್ಲಿ ಮುಂದುವರಿದ ಸಂಶೋಧನಾ ವಿಧಾನಗಳು ಅಂತ. ಮಂಡಳಿಯವರು ಬಂದು ಕೂತು ಕೇಳ್ತಾರೆ. ಇಲ್ಲಿ ನಿಜವಾಗಿ ಸಂಶೋಧನೆ ನಡೀತಿದೆ ಅಂತ ಅವರಿಗೆ ಅನ್ನಿಸಿದ್ರೆ ಲ್ಯಾಬ್ ಉಳಿಯುತ್ತೆ. ಇಲ್ಲಾಂದ್ರೆ ನನ್ನ ಕೈಯಲ್ಲೇನಿಲ್ಲ."

ತಂಡವೆಂದರೆ ನಾವು ಮೂವರು. ಪ್ರೋಗ್ರಾಂ ಬರೆಯುವವನು ಚೇತನ್, ಮಾತು ಕಡಿಮೆ, ಉಗುರು ಕಚ್ಚುವುದು ಜಾಸ್ತಿ. ಪ್ರಯೋಗ ನಡೆಸುವವನು ಪ್ರಸನ್ನ. ಅವನ ಅಪ್ಪನದು ವಿದ್ಯಾರಣ್ಯಪುರಂನಲ್ಲಿ ಒಂದು ಸಣ್ಣ ಹೋಟೆಲು. ಎಲ್ಲ ಕಡೆ ಸ್ಟೀಲ್ ಲೋಟ ಬಂದಮೇಲೂ ಅಲ್ಲಿ ಪಿಂಗಾಣಿ ಕಪ್ಪು ಸಾಸರಿನಲ್ಲೇ ಕಾಫಿ ಕೊಡುತ್ತಾರೆ. ನಮ್ಮ ಪ್ರಯೋಗಕ್ಕೆ ಬೇಕಾದ ಕಪ್ಪುಗಳೂ ಅಲ್ಲಿಂದಲೇ ಬಂದಿದ್ದವು. ಕ್ಯಾಮೆರಾದಿಂದ ನೋಡಿ, ಮೇಜಿನ ಮೇಲಿನ ಕಪ್ಪನ್ನು ಹಿಡಿಯಿಂದ ಹಿಡಿದೆತ್ತಿ, ಪಕ್ಕದ ತಟ್ಟೆಯಲ್ಲಿಡುವುದನ್ನು ಪುಟ್ಟಸ್ವಾಮಿಗೆ ಕಲಿಸುವುದು ನಮ್ಮ ಕೆಲಸ. ಪ್ರಸನ್ನ ಕಪ್ ಇಡುವುದು, ಪುಟ್ಟಸ್ವಾಮಿ ಎತ್ತುವುದು, ಪ್ರಸನ್ನ ಮತ್ತೆ ಇಡುವುದು. ತಿಂಗಳುಗಟ್ಟಲೆ ಇದೇ ನಡೆದಿತ್ತು. ಪುಟ್ಟಸ್ವಾಮಿ ಅಪರೂಪಕ್ಕೆ ತಪ್ಪುತ್ತಿದ್ದ, ಅಷ್ಟೆ. ಹಿಂದಿನವರ ಸಂಶೋಧನೆ ಓದುವುದು, ಬಂದ ಫಲಿತಾಂಶ ಸೇರಿಸುವುದು, ಎಲ್ಲರ ಪರವಾಗಿ ಬಾಯಿ ಮಾಡುವುದು ನನ್ನ ಪಾಲು.

ಉಪನ್ಯಾಸದ ಮೊದಲ ಯೋಜನೆ ನನ್ನದೇ. ಸ್ಲೈಡುಗಳ ಮೇಲೆ ಸ್ಲೈಡು. ಮೊದಲನೆಯದರಲ್ಲೇ ಗಿರಗಿರ ತಿರುಗುವ ಭೂಗೋಳ, ಅದರ ಸುತ್ತ ಹಾರುವ ರೋಬೋಟುಗಳು. ಮೇಡಂ ಕೊನೆಯ ಬೆಂಚಿನಲ್ಲಿ ಕುಳಿತು ಕಾಫಿ ತಿರುಗಿಸಿ, ಕುಡಿದು, ಮುಗಿಸಿ, "ಪ್ರೊಜೆಕ್ಟರ್ ಆರಿಸಮ್ಮ. ಈಗ ಹೇಳು," ಎಂದರು. ಗೋಡೆ ಬಿಳಿಚಿಕೊಂಡಿತು. ನಾನು ಅದಕ್ಕಿಂತ ಬಿಳಿಚಿಕೊಂಡೆ. "ಅಂದ್ರೆ ಮೇಡಂ... ಸಂಶೋಧನಾ ವಿಧಾನ ಅಂದ್ರೆ..." ಎಂದು ತಡವರಿಸಿದೆ. ಪ್ರಸನ್ನ ಪಕ್ಕದಲ್ಲಿ ಕಿಸಕ್ಕೆಂದ. "ನಗಬೇಡ ಕಣೋ, ಮುಂದಿನದು ನಿಂದೇ," ಎಂದರು ಮೇಡಂ. ಅವನ ನಗೆ ಅಲ್ಲೇ ನಿಂತಿತು. ಹೋಟೆಲಿನಲ್ಲಿ "ಎರಡು ಮಸಾಲೆ!" ಎಂದು ಬೀದಿಗೆ ಕೇಳುವಂತೆ ಕೂಗುವ ಪ್ರಸನ್ನನಿಗೆ ಮೈಕು ಕಂಡರೆ ಗಂಟಲು ಒಣಗುತ್ತಿತ್ತು.

ತಂಡದ ಉಪನ್ಯಾಸಕ್ಕೆ ಮೇಡಂ ಅವರದೇ ಒಂದು ಕಟ್ಟಳೆ ಇತ್ತು. ಯಾರೂ ತಾವು ಮಾಡಿದ ಕೆಲಸದ ಬಗ್ಗೆ ತಾವೇ ಮಾತಾಡಬಾರದು. ಚೇತನ್ ಬರೆದ ಪ್ರೋಗ್ರಾಂ ಬಗ್ಗೆ ನಾನು, ನಾನು ಓದಿದ್ದರ ಬಗ್ಗೆ ಪ್ರಸನ್ನ, ಪ್ರಸನ್ನ ಮಾಡಿದ ಪ್ರಯೋಗದ ಬಗ್ಗೆ ಚೇತನ್. "ನಿನ್ನ ಮಗು ನಿಂಗೆ ಚೆಂದವೇ ಕಣಮ್ಮ. ಪಕ್ಕದ ಮನೆಯೋರು ಎತ್ತಿಕೊಂಡಾಗ ಅದು ಅಳುತ್ತಾ ಇಲ್ವಾ ಅಂತ ಗೊತ್ತಾಗೋದು." ಇದರಿಂದ ಆದದ್ದೇನೆಂದರೆ, ನಾವು ಒಬ್ಬರನ್ನೊಬ್ಬರು ಪ್ರಶ್ನೆ ಕೇಳಿ ಕೇಳಿ ಪ್ರಾಣ ಹಿಂಡತೊಡಗಿದೆವು. ಇದು ಯಾಕೆ ಹೀಗೆ, ಅದು ಯಾಕೆ ಹಾಗೆ. ಚೇತನ್ ನನಗೆ ತನ್ನ ಪ್ರೋಗ್ರಾಂ ಹೇಳಿಕೊಡುವಾಗ ತಾನೇ ಎರಡು ತಪ್ಪು ಹಿಡಿದುಕೊಂಡ. ಮೇಡಂ ಒಂದು ಮೂಲೆಯಲ್ಲಿ ತಮ್ಮ ಪಾಡಿಗೆ ತಾವು ತಂತಿ ಬೆಸೆಯುತ್ತಾ ನಮ್ಮ ಜಗಳ ಕೇಳಿಸಿಕೊಳ್ಳುತ್ತಿದ್ದರು.

ಉಪನ್ಯಾಸಕ್ಕೆ ಒಂದು ವಾರ ಉಳಿದಿತ್ತು. ಚೇತನ್ ಪ್ರಯೋಗದ ಭಾಗವನ್ನು ಅಭ್ಯಾಸ ಮಾಡುತ್ತಾ, "ಪ್ರತಿ ಸಲ ಕಪ್ಪನ್ನು ಬೇಕಾಬಿಟ್ಟಿ ದಿಕ್ಕಿನಲ್ಲಿ ಇಟ್ಟು ಪರೀಕ್ಷಿಸಿದೆವು," ಎಂದು ಓದಿದ. ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ಮೇಡಂ ತಲೆ ಎತ್ತಿದರು. ಖಾಲಿ ಕಪ್ಪನ್ನು ಹಿಡಿದುಕೊಂಡೇ ಎದ್ದು ಬಂದು, ಪುಟ್ಟಸ್ವಾಮಿಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು, ಇಬ್ಬರೂ ಒಂದೇ ಕಡೆ ಕುಳಿತ ಗಿರಾಕಿಗಳ ಹಾಗೆ ಕೂತು, ಆ ಕಪ್ಪನ್ನು ಅವನ ಮುಂದಿಟ್ಟರು. "ಎತ್ತಿಸಪ್ಪ," ಎಂದರು.

ಚೇತನ್ ಗುಂಡಿ ಒತ್ತಿದ. ಪುಟ್ಟಸ್ವಾಮಿ ಗಂಭೀರವಾಗಿ ಮುಂದೆ ಬಂದ. ಕಪ್ಪಿನ ಬಲಗಡೆಗೆ, ಏನೂ ಇಲ್ಲದ ಕಡೆಗೆ, ಬೆರಳು ಚಾಚಿ ಗಾಳಿಯನ್ನು ಗಟ್ಟಿಯಾಗಿ ಹಿಡಿದ. ಗಾಳಿಯನ್ನು ಹುಷಾರಾಗಿ ಮೇಲೆತ್ತಿದ. ತಟ್ಟೆಯವರೆಗೆ ಒಯ್ದು ಮೆತ್ತಗೆ ಇಳಿಸಿದ. ಕೆಲಸ ಮುಗಿಯಿತೆಂದು ಹಸಿರು ದೀಪವೂ ಹತ್ತಿತು. ಕಪ್ ಇದ್ದಲ್ಲೇ ಇತ್ತು, ಅದರ ಹಿಡಿ ಎಡಗಡೆಗೆ.

ನಾವು ಇಂಗು ತಿಂದ ಮಂಗನ ಹಾಗೆ ನಿಂತೆವು.

"ದಿನಾ ಇಲ್ಲಿ ಕಪ್ ಇಡೋದು ಯಾರಪ್ಪ?" ಎಂದು ಮೇಡಂ ಕೇಳಿದರು.

"ನಾನೇ ಮೇಡಂ," ಎಂದ ಪ್ರಸನ್ನ.

"ಇಡು ನೋಡೋಣ." ಅವನು ಎದುರಿನಿಂದ ಬಂದು ಇಟ್ಟ. "ತೆಗೆದು ಇನ್ನೊಂದ್ಸಲ ಇಡು." ಮತ್ತೆ ಇಟ್ಟ. "ಬೇರೆ ಥರ ಇಡು." ಅವನು ಕಪ್ಪನ್ನು ಒಂದಿಷ್ಟು ಮುಂದೆ ಸರಿಸಿಟ್ಟ. ಪ್ರತಿ ಸಲವೂ ಹಿಡಿ ಪುಟ್ಟಸ್ವಾಮಿಯ ಬಲಗಡೆಗೇ ಬಂದು ನಿಂತಿತು.

"ಅದ್ಯಾಕೋ ಹಾಗೇ ಇಡ್ತೀಯ?"

"ಎಂಗೆ ಮೇಡಂ?" ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ. ಕಪ್ಪನ್ನು ನೋಡಿದ, ತನ್ನ ಕೈ ನೋಡಿಕೊಂಡ. ಆಮೇಲೆ ಹಣೆ ಚಚ್ಚಿಕೊಂಡ. "ಅಯ್ಯೋ! ನಮ್ಮಪ್ಪ ಮೇಡಂ! ಕಪ್ಪಿನ ಹಿಡಿ ಗಿರಾಕಿ ಬಲಗೈಗೇ ಸಿಗಬೇಕು ಅಂತ ಚಿಕ್ಕಂದಿಂದ ತಲೆಗೆ ಮೊಟಕಿ ಮೊಟಕಿ ಕಲಿಸ್ಬುಟ್ಟಿದಾರೆ. ನಂಗೊತ್ತಿಲ್ದಂಗೆ ಕೈ ಅಂಗೇ ಇಟ್ಬುಡುತ್ತೆ!"

ಮೇಡಂ ನಕ್ಕ ನಗೆ ಈಗಲೂ ಕಿವಿಯಲ್ಲಿದೆ. ಸ್ಟೂಲು ಅಲುಗಾಡುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಇಷ್ಟು ದಿನ ಪುಟ್ಟಸ್ವಾಮಿಗೆ ಉಪಚಾರ ಮಾಡಿದೀರಲ್ರೋ! ಅವನು ಕಪ್ ಹುಡುಕೋದು ಕಲಿತಿಲ್ಲ, ಪ್ರಸನ್ನನ ಮರ್ಯಾದೆ ಕಲಿತಿದಾನೆ!"

ನಗು ಇಳಿದ ಮೇಲೆ ನಮಗೆ ಆದದ್ದೇನೆಂದು ಹೊಳೆಯಿತು. ಪ್ರಸನ್ನ ಇಟ್ಟ ಕಪ್ಪುಗಳ ಚಿತ್ರ ನೋಡಿಯೇ ಪ್ರೋಗ್ರಾಂ ಕಲಿತಿತ್ತು. ಪ್ರಸನ್ನ ಇಟ್ಟ ಕಪ್ಪುಗಳಿಂದಲೇ ಪರೀಕ್ಷೆಯೂ ಆಗಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ, ಆದರೂ ನಮ್ಮ ಫಲಿತಾಂಶವೆಲ್ಲ ಸುಳ್ಳಾಗಿತ್ತು. ಚೇತನ್ ಉಗುರು ಕಚ್ಚುತ್ತಾ ಮೆಲ್ಲಗೆ ಹೇಳಿದ, "ಆ ದಿನ ಕಪ್ಪನ್ನ ಪ್ರಸನ್ನನೇ ಇಟ್ರೆ ಯಾರಿಗೂ ಗೊತ್ತಾಗಲ್ಲ ಮೇಡಂ."

ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಿತ್ತು. ಹೋಗುವುದು ನಮ್ಮ ಅಂಕವಲ್ಲ, ಅವರ ಲ್ಯಾಬು. ಅದಕ್ಕಾಗಿ ಅವರು ಎಷ್ಟು ಬಾಗಿಲು ತಟ್ಟಿದ್ದರೆಂದು ನಮಗೆ ಗೊತ್ತಿತ್ತು. ನಾನು ಅದನ್ನೇ ಹೇಳಿದೆ.

ಮೇಡಂ ಸ್ವಲ್ಪ ಹೊತ್ತು ಮಾಡಿನ ಶೀಟು ನೋಡಿದರು. ಅದು ಸೋರದಂತೆ ತಾವೇ ಏಣಿ ಹತ್ತಿ ಟಾರು ಮೆತ್ತಿದ್ದರು. "ಉಳಿಸ್ಕೊಬೇಕು ಅಂತ ನನಗೂ ಆಸೆ ಇದೆ ಕಣಮ್ಮ, ಇಲ್ಲ ಅನ್ನಲ್ಲ. ಆದ್ರೆ ಗೊತ್ತಿದ್ದೂ ಗೊತ್ತಿಲ್ಲದೋರ ಥರ ಹಿಂದಿನ ಬೆಂಚಲ್ಲಿ ಕೂತ್ಕೊಂಡು ನಿಮ್ಮ ಲೆಕ್ಚರ್‌ಗೆ ಚಪ್ಪಾಳೆ ತಟ್ಟೋದು ನನ್ನ ಕೈಲಾಗಲ್ಲ. ಸಂಶೋಧನಾ ವಿಧಾನ ಅಂತ ತಾನೆ ಮಾತಾಡಬೇಕು ನೀವು? ನಿಮಗೆ ಇವತ್ತು ಸಿಕ್ಕಿದ್ದೇ ಅದು. ಇದನ್ನೇ ಹೇಳಿ."

ಆಮೇಲೆ ಪ್ರಸನ್ನನ ಕಡೆ ತಿರುಗಿದರು. ಅವನು ನೆಲ ನೋಡುತ್ತಾ ನಿಂತಿದ್ದ. "ನೀನ್ಯಾಕೋ ತಲೆ ತಗ್ಗಿಸ್ತೀಯ? ನಿಮ್ಮಪ್ಪ ಒಳ್ಳೇದನ್ನೇ ಕಲಿಸಿದಾರೆ. ಅದು ಕೈಯಲ್ಲಿದೆ ಅಂತ ನಮಗೆ ಗೊತ್ತಿರಬೇಕಿತ್ತು, ಅಷ್ಟೆ."

ಇಬ್ಬರೂ ಹೊರಗೆ ಹೋದ ಮೇಲೆ ನಾನು ಕೇಳಿಯೇಬಿಟ್ಟೆ, "ನಮಗ್ಯಾರಿಗೂ ಕಾಣದ್ದು ನಿಮಗೆ ಹೇಗೆ ಕಾಣಿಸ್ತು ಮೇಡಂ?"

ಅವರು ತಮ್ಮ ಎಡಗೈಯನ್ನು ಮೇಜಿನ ಮೇಲೆ ಅಂಗೈ ಮೇಲಾಗಿ ಇಟ್ಟರು. "ನಾನು ಎಡಚಿ ಕಣಮ್ಮ. ಊಟಕ್ಕೆ ಕೂತಾಗ ನಮ್ಮಜ್ಜಿ ಈ ಕೈನ ಸೀರೆ ಅಂಚಿನ ತುಂಡಲ್ಲಿ ಬೆನ್ನ ಹಿಂದೆ ಕಟ್ಟೋರು. ಸ್ಕೂಲಲ್ಲಿ ಬೆರಳ ಗಿಣ್ಣಿಗೆ ಸ್ಕೇಲು. ಊಟ, ಬರವಣಿಗೆ ಬಲಗೈಗೆ ಹೋಯ್ತು. ಕಾಫಿ, ಸ್ಕ್ರೂಡ್ರೈವರ್ ಹೋಗಲಿಲ್ಲ. ಹುಟ್ಟಿದಾಗಿಂದ ನನ್ನ ಮುಂದೆ ಯಾರು ಕಾಫಿ ಇಟ್ರೂ ಅದು ಇನ್ಯಾರಿಗೋ ಇಟ್ಟ ಹಾಗೇ ಇರುತ್ತೆ. ಇದು ನಿಮಗೆ ಕಾಣಲ್ಲ, ಯಾಕಂದ್ರೆ ನಿಮ್ಮ ಕೈಗೆ ಅದು ನೆಟ್ಟಗೆ ಸಿಗುತ್ತೆ."

ಹರಕೆಯೂ ಅಲ್ಲ, ಸಕ್ಕರೆಯೂ ಅಲ್ಲ, ಮಡಿಯಂತೂ ಅಲ್ಲವೇ ಅಲ್ಲ. ಆ ಕ್ಷಣದಲ್ಲಿ ಅವರ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಅವರ ಕಪ್ಪನ್ನು ನಾನೇ ತೊಳೆಯಲು ಎತ್ತಿಕೊಂಡು ಹೋದೆ. ಹೊರಗಿದ್ದ ಇಬ್ಬರಿಗೂ ಅದನ್ನು ಹೇಳಿದೆ.

ಆ ವಾರ ಲ್ಯಾಬು ಜಾತ್ರೆಯಾಯಿತು. ಸ್ಲೈಡುಗಳನ್ನೆಲ್ಲ ಎಸೆದೆವು. ಕಪ್ ಇಡುವ ಕೆಲಸದಿಂದ ಪ್ರಸನ್ನನನ್ನು ಬಿಡಿಸಿ, ಕಾರಿಡಾರಿನಲ್ಲಿ ಹೋಗುವವರನ್ನೆಲ್ಲ ಕೈ ಹಿಡಿದು ಎಳೆತಂದು ಇಡಿಸಿದೆವು. ಗಣಿತದ ಮೇಷ್ಟ್ರು ಮೇಜಿನ ಅಂಚಿಗೆ ಸಮಾನಾಂತರವಾಗಿ ಇಟ್ಟರು. ಗ್ರಂಥಾಲಯದ ಮೇಡಂ ಸದ್ದಾಗದಂತೆ ಇಟ್ಟರು. ಹಾಸ್ಟೆಲಿನ ಹುಡುಗನೊಬ್ಬ ಬೋರಲು ಹಾಕಿ ಹೋದ. ಪುಟ್ಟಸ್ವಾಮಿ ಸೋತ, ಮತ್ತೆ ಸೋತ. ಈಗ ಅವನು ಸೋತಾಗಲೆಲ್ಲ ನಮಗೆ ಒಂಥರಾ ಹುರುಪು. ಹಿಡಿ ಯಾವ ದಿಕ್ಕಿಗಿದ್ದರೆ ಸೋಲುತ್ತಾನೆ ಎಂದು ಬೋರ್ಡಿನ ಮೇಲೆ ಒಂದು ವೃತ್ತ ಬರೆದು ಗುರುತು ಹಾಕುತ್ತಾ ಹೋದೆವು. ವಾರದ ಕೊನೆಗೆ ವೃತ್ತದ ಒಂದು ಭಾಗ ಸೀಮೆಸುಣ್ಣದಿಂದ ತುಂಬಿಹೋಗಿತ್ತು. ಮೇಡಂ ಅದರ ಮುಂದೆ ನಿಂತು, ಮನೆ ಮುಂದೆ ಒಳ್ಳೆಯ ರಂಗೋಲಿ ಕಂಡವರಂತೆ ತಲೆದೂಗಿದರು.

ಆ ದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಆಡಳಿತ ಮಂಡಳಿ, ಪಕ್ಕದಲ್ಲಿ ಪ್ರಾಂಶುಪಾಲರು. ಮೇಡಂ ಕೊನೆಯ ಸಾಲಿನಲ್ಲಿ, ಎಂದಿನಂತೆ. ವೇದಿಕೆಯ ಮೇಲೆ ಪುಟ್ಟಸ್ವಾಮಿ, ಒಂದು ಕಪ್, ಒಂದು ಬೋರ್ಡು. ಪ್ರಸನ್ನ ಗಂಟಲು ಸರಿಮಾಡಿಕೊಳ್ಳುತ್ತಾ, ಬೇರೆಯವರು ಈ ಸಮಸ್ಯೆಯ ಬಗ್ಗೆ ಏನೇನು ಮಾಡಿದ್ದಾರೆಂದು ಹೇಗೋ ಹೇಳಿ ಮುಗಿಸಿದ. ನಾನು ಪ್ರೋಗ್ರಾಂ ಬಗ್ಗೆ ಹೇಳಿದೆ. ಚೇತನ್ ಪ್ರಯೋಗದ ಭಾಗಕ್ಕೆ ಬಂದು, "ನಮ್ಮ ಫಲಿತಾಂಶ ತಪ್ಪಾಗಿತ್ತು," ಎಂದ ಕೂಡಲೇ ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರಾಂಶುಪಾಲರು ಕನ್ನಡಕ ತೆಗೆದರು.

ಆಗ ಪ್ರಸನ್ನ ಮೈಕು ಕಿತ್ತುಕೊಂಡ. ಕಟ್ಟಳೆ ಮುರಿದೇಬಿಟ್ಟ. "ತಪ್ಪಾಗಿದ್ದು ನನ್ನ ಕೈಯಿಂದ ಸಾರ್. ನಮ್ಮಪ್ಪಂದು ಹೋಟ್ಲು," ಎಂದು ಶುರುಮಾಡಿ, ಅಪ್ಪ ತಲೆಗೆ ಮೊಟಕಿದ್ದು, ಕೈ ತಾನಾಗಿ ಕಪ್ ತಿರುಗಿಸಿದ್ದು, ಪುಟ್ಟಸ್ವಾಮಿ ಗಾಳಿ ಎತ್ತಿಟ್ಟು ದೀಪ ಹತ್ತಿಸಿದ್ದು, ಎಲ್ಲವನ್ನೂ ಹೋಟೆಲಿನ ದನಿಯಲ್ಲೇ ಹೇಳಿದ. ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಒಳ್ಳೇದು ಮಾಡೋ ಕೈಯೇ ಪ್ರಯೋಗ ಕೆಡಿಸ್ಬುಡುತ್ತೆ ಸಾರ್. ಅದಕ್ಕೇ ಈಗ ಕಪ್ಪನ್ನ ನಾನು ಇಡಲ್ಲ. ನೀವೇ ಬಂದು ಇಡಿ. ಇವನು ಯಾವಾಗ ಸೋಲ್ತಾನೆ ಅಂತ ಮೊದ್ಲೇ ಬೋರ್ಡಲ್ಲಿ ಬರೆದಿಟ್ಟಿದೀವಿ."

ಮಂಡಳಿಯ ಹಿರಿಯರೊಬ್ಬರು ಮೇಲೆ ಬಂದು, ನಮ್ಮ ವೃತ್ತದ ತುಂಬಿದ ಭಾಗವನ್ನೇ ನೋಡಿಕೊಂಡು, ಹಿಡಿಯನ್ನು ಅತ್ತ ತಿರುಗಿಸಿಟ್ಟರು. ಪುಟ್ಟಸ್ವಾಮಿ ಹೋದ, ಗಾಳಿ ಹಿಡಿದ, ಗಾಳಿ ಇಟ್ಟ. ಚಪ್ಪಾಳೆಯೋ ಚಪ್ಪಾಳೆ! ಸೋತ ಯಂತ್ರಕ್ಕೆ ಜನ ಅಷ್ಟು ಚಪ್ಪಾಳೆ ತಟ್ಟಿದ್ದನ್ನು ನಾನು ಮತ್ತೆಂದೂ ನೋಡಿಲ್ಲ. ಇನ್ನೊಬ್ಬರು ಖಾಲಿ ಭಾಗಕ್ಕೆ ತಿರುಗಿಸಿಟ್ಟರು, ಪುಟ್ಟಸ್ವಾಮಿ ಎತ್ತಿ ತಟ್ಟೆಯಲ್ಲಿಟ್ಟ. ಬೋರ್ಡು ಹೇಳಿದಂತೆಯೇ ನಡೆಯುತ್ತಿತ್ತು.

ಕೊನೆಗೆ ಪ್ರಾಂಶುಪಾಲರು ತಾವೇ ಎದ್ದು ಬಂದರು. ಹಿಡಿಯನ್ನು ತುಂಬಿದ ಭಾಗಕ್ಕೂ ಖಾಲಿ ಭಾಗಕ್ಕೂ ನಡುವಿನ ಗೆರೆಯ ಮೇಲೆ ಸರಿಯಾಗಿ ನಿಲ್ಲಿಸಿ, ನನ್ನ ಕಡೆ ತಿರುಗಿ, "ಈಗ ಏನಾಗುತ್ತಮ್ಮ?" ಎಂದರು.

ನಾನು ಕೊನೆಯ ಸಾಲಿನ ಕಡೆ ನೋಡಿದೆ. ಮೇಡಂ ಕೈಕಟ್ಟಿಕೊಂಡು ಕುಳಿತಿದ್ದರು. ಹುಬ್ಬು ಕೂಡ ಅಲುಗಲಿಲ್ಲ. ಉತ್ತರ ನಾನೇ ಕೊಡಬೇಕಿತ್ತು.

"ಗೊತ್ತಿಲ್ಲ ಸಾರ್," ಎಂದೆ. "ಅದನ್ನ ಕಂಡುಹಿಡಿಯೋಕೇ ನಮಗೆ ಲ್ಯಾಬ್ ಬೇಕಾಗಿರೋದು."

ಚೇತನ್ ಗುಂಡಿ ಒತ್ತಿದ. ಪುಟ್ಟಸ್ವಾಮಿ ಹೋದ, ಅರ್ಧದಲ್ಲಿ ನಿಂತ, ಒಂಚೂರು ಹಿಂದೆ ಸರಿದ. ಮತ್ತೆ ಮುಂದೆ ಬಂದು ಹಿಡಿಯ ತುದಿಯನ್ನು ಹೇಗೋ ಕಚ್ಚಿಕೊಂಡ. ವಾಲಿದ ಕಪ್ ಮೇಲೆದ್ದಿತು, ತೂಗಾಡಿತು, ಠಣ್ಣೆಂದು ತಟ್ಟೆಗೆ ಕೂತಿತು. ಹಿಂದಿನ ಸಾಲುಗಳ ಹುಡುಗರು ಬೆಂಚು ಹತ್ತಿ ಕೂಗಿದರು. ಪ್ರಾಂಶುಪಾಲರು ಎಲ್ಲರೆದುರು ಜೋರಾಗಿ ನಕ್ಕು, "ಸರಿಯಮ್ಮ, ಕಂಡುಹಿಡೀರಿ," ಎಂದರು. ಮಂಡಳಿಯ ಹಿರಿಯರು ತಲೆಯಾಡಿಸಿದರು. ಲ್ಯಾಬು ಉಳಿಯಿತು. ಆ ಮಾಡಿನ ಶೀಟು ತೆಗೆದು ಗಟ್ಟಿ ಸೂರು ಹಾಕಿಸಿದ್ದೂ ಅದೇ ಬೇಸಿಗೆಯಲ್ಲಿ.

ಅಂದು ನಮ್ಮ ಕಾಲು ನೆಲದ ಮೇಲಿರಲಿಲ್ಲ. ಹೊರಗೆ ಓಡಿಬಂದಾಗ ಮೇಡಂ ಸ್ಕೂಟರಿನ ಪಕ್ಕ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ನಮ್ಮನ್ನು ಕಂಡು ಸೆರಗು ಸರಿಮಾಡಿಕೊಂಡು, ಪ್ರಸನ್ನನಿಗೆ, "ಕಟ್ಟಳೆ ಮುರಿದೆ ಅಲ್ವೇನೋ," ಎಂದರು. ಅವನು ಹಲ್ಲು ಕಿರಿದ. "ಚೆನ್ನಾಗಿ ಮುರಿದೆ," ಎಂದು ಅವನ ಬೆನ್ನಿಗೆ ಗುದ್ದಿದರು, ಎಡಗೈಯಲ್ಲಿ.

ಈಗ ಆ ಲ್ಯಾಬಿನಲ್ಲಿ ಪಾಠ ಮಾಡುವವಳು ನಾನು. ಪುಟ್ಟಸ್ವಾಮಿ ನಿವೃತ್ತನಾಗಿ ಬಾಗಿಲ ಪಕ್ಕ ನಿಂತಿದ್ದಾನೆ. ಮೇಡಂ ನಿವೃತ್ತರಾದರೂ ಸುಮ್ಮನೆ ಕೂರಲಿಲ್ಲ. ಬೀದರಿನ ಕಡೆ ಒಂದು ಹೊಸ ಕಾಲೇಜಿನವರು ಲ್ಯಾಬು ಕಟ್ಟಿಕೊಡಿ ಎಂದು ಕೇಳಿದ್ದೇ ತಡ, ಪೆಟ್ಟಿಗೆ ಕಟ್ಟಿದರು. "ಅಲ್ಲಿ ಒಂದು ಖಾಲಿ ಗೋದಾಮು ಇದೆಯಂತೆ ಕಣೆ!" ಎಂದು ಫೋನಿನಲ್ಲಿ ಹೇಳುವಾಗ, ಹೊಸ ಸೀರೆ ಸಿಕ್ಕವರ ಸಂಭ್ರಮ ಅವರ ದನಿಯಲ್ಲಿತ್ತು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಅವರನ್ನು ವಿದ್ಯಾರಣ್ಯಪುರಂನ ಹೋಟೆಲಿಗೆ ಕರೆದುಕೊಂಡು ಹೋದೆ. ಪ್ರಸನ್ನ ಈಗ ಕಾರ್ಖಾನೆಗಳಿಗೆ ಯಂತ್ರದ ತೋಳು ಕೂಡಿಸುವ ಇಂಜಿನಿಯರು. ಭಾನುವಾರ ಮಾತ್ರ ಅಪ್ಪನ ಜೊತೆ ಗಲ್ಲಾದ ಹಿಂದೆ ನಿಲ್ಲುತ್ತಾನೆ. ಮೇಡಮ್ಮನ್ನು ಕಂಡ ಕೂಡಲೇ ಸಪ್ಲೈಯರನ್ನು ಪಕ್ಕಕ್ಕೆ ಸರಿಸಿ, ತಾನೇ ಒಳಗೆ ಹೋಗಿ, ತಾನೇ ಕಾಫಿ ತಂದ. ಮೇಡಂ ನನಗೆ ಬೀದರಿನ ಗೋದಾಮಿನ ಕಿಟಕಿಗಳ ವಿಷಯ ಹೇಳುತ್ತಿದ್ದರು. ಮಾತು ನಿಲ್ಲಿಸದೆಯೇ ಅವರ ಬೆರಳು ಸಾಸರಿನ ಕಡೆ ಹೋಯಿತು, ಕ‍ಪ್ಪನ್ನು ಮುಟ್ಟಿತು, ಅಲ್ಲೇ ನಿಂತಿತು. ಮಾತೂ ನಿಂತಿತು.

ಕಪ್ಪಿನ ಹಿಡಿ ಎಡಗಡೆಗಿತ್ತು.

ಮೇಡಂ ತುಂಬ ಹೊತ್ತು ಅದನ್ನೇ ನೋಡಿದರು. ಆಮೇಲೆ ತಲೆ ಎತ್ತಿ, "ಯಾರಪ್ಪ ಇಟ್ಟಿದ್ದು?" ಎಂದು ಕೇಳಿದರು.

"ನಾನೇ ಮೇಡಂ," ಎಂದ ಪ್ರಸನ್ನ.

ಅವತ್ತು ಅಂಬುಜಾಕ್ಷಿ ಮೇಡಂ ಕಪ್ಪನ್ನು ತಿರುಗಿಸದೆ ಕಾಫಿ ಕುಡಿದರು.